ಹಳೇದು ಚೆನ್ನೋ, ಹೊಸದು ಚೆನ್ನೋ?

ಜಯಪುರ ಪೇಟೆಯಲ್ಲಿ ನಮ್ಮ ಭಾವ ಎದುರಿಗೆ ಬಂದರೆ ಜನ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಅವರೇನು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಒಂದು ಹಾಡು ಕೇಳಿಸುತ್ತಾರೆ, ಅಷ್ಟೆ. ಆಮೇಲೆ ಅದೇ ಹಾಡನ್ನು ಇನ್ನೊಂದು ಸಲ ಕೇಳಿಸುತ್ತಾರೆ. ಆಮೇಲೆ ಕೇಳುತ್ತಾರೆ: "ಹಳೇದು ಚೆನ್ನೋ, ಹೊಸದು ಚೆನ್ನೋ?" ಇದರಲ್ಲಿ ಹೆದರುವುದಕ್ಕೆ ಏನಿದೆ ಎನ್ನುತ್ತೀರಾ? ಒಮ್ಮೆ ಬಾಯಿ ತಪ್ಪಿ "ಹೊಸದು" ಎಂದು ಹೇಳಿ ನೋಡಿ. ನಿಮ್ಮ ಬಸ್ಸು ಹೋದದ್ದೂ ನಿಮಗೆ ತಿಳಿಯುವುದಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರಿಗೆಲ್ಲ ಮೈಕ್ ಸೆಟ್ ಕೊಡುವ ಕೆಲಸ. ಮದುವೆ, ಭಜನೆ, ಶಾಲೆಯ ಕ್ರೀಡಾಕೂಟ, ಎಲ್ಲಕ್ಕೂ ಅವರದ್ದೇ ಮೈಕು. ಧ್ವನಿಯ ವಿಷಯದಲ್ಲಿ ಅವರ ಸಿದ್ಧಾಂತ ಒಂದೇ: ಎದುರಿಗೆ ಕೂತವನಿಗೆ ಕೇಳಿಸುವುದು ದೊಡ್ಡ ವಿಷಯವಲ್ಲ, ಬಾರದೇ ಇದ್ದವನಿಗೂ ಕೇಳಬೇಕು. ಮೆಣಸೆಯಲ್ಲಿ ಮದುವೆಯಾದರೆ ಮಂತ್ರ ಶೃಂಗೇರಿಗೆ ಮುಟ್ಟಬೇಕು. ಅವರು ಮೈಕ್ ಹಾಕಿದ ಮದುವೆಗಳಲ್ಲಿ ಬೀಗರ ನಡುವೆ ಜಗಳವೇ ಆಗುವುದಿಲ್ಲ ಎಂಬ ಹೆಸರಿದೆ. ಒಬ್ಬರು ಬೈದದ್ದು ಇನ್ನೊಬ್ಬರಿಗೆ ಕೇಳಿಸಿದರೆ ತಾನೆ!

ಇಂಥವರ ಕೈಗೆ ಒಂದು ರಾಕ್ ಆಲ್ಬಮ್ ಸಿಕ್ಕಿತು ಎಂದರೆ ಏನಾಗಬಹುದು, ನೀವೇ ಊಹಿಸಿ.

ಮೂವತ್ತು ವರ್ಷದ ಹಿಂದಿನ ಮಾತು. ಕೊಪ್ಪದ ಕಾಲೇಜಿನಲ್ಲಿ ಓದಿದ ನಾಲ್ವರು ಹುಡುಗರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದರು. ಹಾಡುವವರು ಎನ್.ಆರ್.ಪುರದ ಕಡೆ ಶೆಟ್ಟಿಕೊಪ್ಪದ ಪ್ರಭಾಕರ, ಭಾವನ ಜೀವದ ಗೆಳೆಯ. ಸೆಕೆಗಾಲದಲ್ಲೂ ದಪ್ಪ ಚರ್ಮದ ಕೋಟು ತೊಟ್ಟು, ಬೆವರು ಸುರಿಸಿಕೊಂಡು ತಿರುಗುತ್ತಿದ್ದ ಆಸಾಮಿ. ಭಾವನಿಗೆ ಬಾರಿಸಲಿಕ್ಕೂ ಬಾರದು, ಹಾಡಲಿಕ್ಕೂ ಬಾರದು. ಆದರೆ ಮೈಕು ಇದ್ದದ್ದು ಅವರೊಬ್ಬರ ಬಳಿ. ಹಾಗಾಗಿ ಅವರೇ ಸೌಂಡ್ ಇಂಜಿನಿಯರ್ ಆದರು. ಶೃಂಗೇರಿಯ ಹತ್ತಿರ ಒಂದು ಖಾಲಿ ಗೋದಾಮು ಮೂರು ದಿನದ ಮಟ್ಟಿಗೆ ಸಿಕ್ಕಿತು. ಮಂಗಳೂರಿನಿಂದ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಒಂದನ್ನು ಬಾಡಿಗೆಗೆ ತಂದರು. ಡ್ರಮ್ಮು ಒಂದು ಟ್ರ್ಯಾಕಿನಲ್ಲಿ, ಎರಡು ಗಿಟಾರು ಎರಡರಲ್ಲಿ, ಹಾಡು ಒಂದರಲ್ಲಿ. ಯಾವುದನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ನೋಡಿ ನಾಲ್ಕನ್ನೂ ಒಂದು ಮಾಡುವುದೇ ಮಿಕ್ಸಿಂಗ್.

ಭಾವ ಮಿಕ್ಸಿಂಗ್ ಮಾಡಿದ ಕ್ರಮವೇ ಬೇರೆ. ಗೋದಾಮಿನ ಎದುರಿನ ಹಲಸಿನ ಮರಕ್ಕೆ ಹಾರ್ನ್ ಸ್ಪೀಕರ್ ಕಟ್ಟಿ, ಹಾಡು ಹಾಕಿ, ಬೈಕು ಹತ್ತಿ ಎರಡು ತಿರುವು ದಾಟಿ ಹೋಗಿ ನಿಂತು ಕೇಳುವುದು. ಅಲ್ಲಿಗೆ ಏನು ಕೇಳಲಿಲ್ಲವೋ ವಾಪಸು ಬಂದು ಅದನ್ನು ಏರಿಸುವುದು! ಕ್ಯಾಸೆಟ್ ಹೊರಬಂದಾಗ ಕೊಪ್ಪ ಬಸ್‌ಸ್ಟ್ಯಾಂಡಿನ ಅಂಗಡಿಯವನೇ ಕೇಳಿದನಂತೆ, "ಡ್ರಮ್ಮು ಚೆನ್ನಾಗಿದೆ, ಹಾಡಿದವ ಎಲ್ಲಿಗೆ ಹೋದ?" ಅದರಲ್ಲೂ ನಾಲ್ಕನೇ ಹಾಡಿನ ಕೊನೆಯಲ್ಲಂತೂ ಡ್ರಮ್ಮಿನ ಹೊರತು ಇನ್ನೇನೂ ಕೇಳದು. ತಾನು ಅತ್ಯಂತ ಚೆನ್ನಾಗಿ ಹಾಡಿದ್ದು ಅದನ್ನೇ ಎಂದು ಪ್ರಭಾಕರರ ನಂಬಿಕೆ. "ಅದೊಂದನ್ನಾದ್ರೂ ಸರಿ ಮಾಡು" ಎಂದು ಬೇಡಿದರು. ಭಾವ "ಆಗಲ್ಲ" ಎಂದರು. ಯಾಕೆ ಎಂದು ಕೇಳಿದರೆ ಮೈಕಿನ ವಯರು ಸುತ್ತತೊಡಗಿದರು. "ನನ್ನ ಹಾಡು ಕೊಂದ್ಯಲ್ಲ!" ಎಂದು ಪ್ರಭಾಕರ ಟೇಪು ಕಿತ್ತುಕೊಂಡು ಹೋದವರು ಮತ್ತೆ ಮಾತೇ ಆಡಲಿಲ್ಲ. ಬ್ಯಾಂಡೂ ಮುರಿಯಿತು. ಊರಿನವರು ಭಾವನಿಗೆ 'ಹಾಡು ಮುಳುಗಿಸಿದವ' ಎಂದು ಹೆಸರಿಟ್ಟರು. ಹೆಸರಿಟ್ಟವರಲ್ಲಿ ನಾನೂ ಒಬ್ಬ, ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಪ್ರಭಾಕರ ಆ ಹಳೆಯ ಟೇಪನ್ನು ಟ್ರಂಕಿನಿಂದ ಹೊರತೆಗೆದು, ಯಾರಿಂದಲೋ ಕಂಪ್ಯೂಟರಿಗೆ ಹಾಕಿಸಿಕೊಂಡು, ಮನೆಯಲ್ಲೇ ಕುಳಿತು ಆರು ತಿಂಗಳು ತಾವೇ ಹೊಸದಾಗಿ ಮಿಕ್ಸ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟರು. ಅಲ್ಲಿಂದ ಶುರುವಾಯಿತು ನೋಡಿ ಭಾವನ ದಿಗ್ವಿಜಯ!

ಪರೀಕ್ಷೆಯ ಈ ವಿದ್ಯೆ ಅವರು ಕದ್ದದ್ದು ನನ್ನಿಂದಲೇ. ಕೊಪ್ಪದಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಗಾಜು ಬದಲಾಯಿಸುತ್ತಾ "ಇದು ಚೆನ್ನೋ, ಇದು ಚೆನ್ನೋ?" ಎಂದು ಕೇಳುವುದು ನನ್ನ ದಿನದ ಕೆಲಸ. ಭಾವ ಒಂದು ದಿನ ಮೂಲೆಯ ಸ್ಟೂಲಿನಲ್ಲಿ ಕುಳಿತು ಅದನ್ನೇ ನೋಡಿದರು. ಮರುದಿನದಿಂದ ಜೇಬಿನಲ್ಲಿ ಹಳೆಯದನ್ನೂ ಹೊಸದನ್ನೂ ತುಂಬಿಕೊಂಡ ಫೋನು, ಕೈಯಲ್ಲಿ ಹೆಡ್‌ಫೋನು. ಹೊಸದನ್ನು ಊರಲ್ಲಿ ಯಾರೂ ಕೇಳದಂತೆ ಮಾಡುವುದೇ ಅವರ ಹಟ.

ಮೊದಲ ಬಲಿ ಕ್ಷೌರದಂಗಡಿಯಲ್ಲಿ ಕುಳಿತ ಮೇಷ್ಟ್ರು. ಕೆನ್ನೆಗೆ ಸೋಪು, ಗಂಟಲಿಗೆ ಕತ್ತಿ, ಕಿವಿಗೆ ಭಾವನ ಹೆಡ್‌ಫೋನು! ಅಲುಗಾಡುವಂತಿಲ್ಲ, ಓಡುವಂತಿಲ್ಲ. ಮೂರು ಹಾಡು, ಎರಡೆರಡು ಸಲ. "ಯಾವುದು ಚೆನ್ನು?" ಎಂದಾಗ ಮೇಷ್ಟ್ರು ಕತ್ತಿಯ ಕಡೆಗೊಮ್ಮೆ ನೋಡಿ "ನೀವು ಹೇಳಿದ್ದೇ ಚೆನ್ನು" ಎಂದರಂತೆ. ಅದನ್ನು ಭಾವ ಹಳೆಯದರ ಲೆಕ್ಕಕ್ಕೆ ಹಾಕಿಕೊಂಡರು.

ಮೆಣಸೆಯಲ್ಲಿ ನೆಂಟರ ಮನೆಯ ಊಟ. ಪಂಕ್ತಿ ಎದ್ದ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತ ಅಜ್ಜಿಯೊಬ್ಬರು ಸಿಕ್ಕರು. ಭಾವ ಅವರ ಕಿವಿಗೂ ಹೆಡ್‌ಫೋನು ಏರಿಸಿದರು. ಅಜ್ಜಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿದರು.

"ಯಾವ್ದು ಲಾಯ್ಕಾಯ್ತು ಅಜ್ಜಿ?"

"ಎರಡನ್ನೂ ನಿಲ್ಸಿದ್ಯಲ್ಲ ಮಾಣಿ, ಆವಾಗ ಲಾಯ್ಕಾಯ್ತು."

ಇನ್ನು ನಾನು ಸುಮ್ಮನಿರುತ್ತೇನೆಯೇ? ಒಂದು ಭಾನುವಾರ ಅಕ್ಕನ ಮನೆಯಲ್ಲಿ ಭಾವನ ಕಣ್ಣಿಗೇ ಬಟ್ಟೆ ಕಟ್ಟಿಸಿ, ಹೊಸದನ್ನು ಹಾಕಿ "ಇದು ಹಳೇದು ಭಾವ" ಎಂದೆ. ಭಾವ ತಲೆದೂಗಿದರು. "ಕೇಳಿದ್ಯಾ ಮಾರಾಯ? ಇದಪ್ಪ ಗತ್ತು ಅಂದ್ರೆ! ಆ ಹೊಸದ್ರಲ್ಲಿ ಉಂಟಾ ಇದು?" ಒಳಗಿನಿಂದ ಅಕ್ಕ ಸೌಟು ಹಿಡಿದೇ ಹೊರಗೆ ಬಂದು ನಕ್ಕಳು. "ಈ ಕಿವಿ ಇಟ್ಕಂಡು ಇವ್ರು ಇಷ್ಟು ವರ್ಷ ಮೈಕ್ ಹಾಕಿದ್ದಾರೆ ನೋಡು!" ಈ ಕಥೆಯನ್ನು ನಾನು ಕೊಪ್ಪದಿಂದ ಜಯಪುರದವರೆಗೆ, ದಾರಿಯಲ್ಲಿ ಸಿಕ್ಕಿದ ಎಲ್ಲರಿಗೂ ಹೇಳಿದೆ. ಬಣ್ಣ ಕಟ್ಟಿಯೇ ಹೇಳಿದೆ.

ಆದರೆ ಒಂದು ವಿಚಿತ್ರ ಇತ್ತು. ಆಲ್ಬಮಿನಲ್ಲಿ ಇರುವುದು ಎಂಟು ಹಾಡು. ಭಾವ ಕೇಳಿಸುತ್ತಿದ್ದದ್ದು ಮೂರೇ. ಮೂರನೆಯದು ಮುಗಿಯಿತೋ, ಫೋನು ಜೇಬಿಗೆ. "ಬ್ಯಾಟರಿ ಇಲ್ಲ", "ಹೊತ್ತಾಯ್ತು", "ಮಳೆ ಬರ್ತದೆ" ಎಂದು ಏನಾದರೊಂದು ನೆಪ. ಆಕಾಶ ಶುಭ್ರವಾಗಿದ್ದರೂ ಮಳೆ ಬರುತ್ತದೆ! ನಾನೊಮ್ಮೆ "ನಾಲ್ಕನೇದು ಹಾಕಿ ಭಾವ, ಅದ್ರಲ್ಲೇ ಅಲ್ವಾ ನೀವು ಮುಳುಗಿಸಿದ್ದು?" ಎಂದು ಕಿಚಾಯಿಸಿದೆ. "ನಾಲ್ಕನೇದು ಬೇಡ" ಎಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಸೋಲುವ ಭಯ ಎಂದು ನಾನು ಅದಕ್ಕೂ ನಕ್ಕೆ.

ಮೊನ್ನೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗಾಜು ಒರೆಸುತ್ತಾ ಹೊಸದನ್ನು ಹಾಕಿಕೊಂಡಿದ್ದೆ. ಕೈ ಒದ್ದೆ, ಮೂರನೇ ಹಾಡು ಮುಗಿದು ತಾನಾಗಿಯೇ ನಾಲ್ಕನೆಯದು ಶುರುವಾಯಿತು. ಬೆಳಗಿನ ಮೊದಲ ಬಸ್ಸಿನ ಮೇಲೆ ಕಟ್ಟಿದ ಅಬ್ಬರದ ಹಾಡು. ಕೊನೆಯ ಚರಣದಲ್ಲಿ ಹಾಡುವವನ ಅಮ್ಮ ಬುತ್ತಿ ಹಿಡಿದು ರಸ್ತೆಯ ಬದಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಬರುವಾಗ ದನಿ ಒಡೆಯಿತು. ಹಾಡಿನ ಒಡಕಲ್ಲ ಅದು, ಅಳು. ಚರ್ಮದ ಕೋಟಿನ ಆ ಗಟ್ಟಿ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಾ ಶಬ್ದಗಳನ್ನು ಹೇಗೋ ತಳ್ಳಿ ಹಾಡು ಮುಗಿಸಿದ್ದ.

ಹಳೆಯದನ್ನು ಹಾಕಿದೆ. ಅದೇ ಜಾಗದಲ್ಲಿ ಡ್ರಮ್ಮು ಧಡಧಡ ಎಂದು ಮೇಲೇರಿ ಎಲ್ಲವನ್ನೂ ಮುಚ್ಚಿತು. ಮತ್ತೆ ಹೊಸದು, ಮತ್ತೆ ಹಳೆಯದು. ಒಂದು ಬಿಕ್ಕೂ ಹೊರಗೆ ಬರದ ಹಾಗೆ, ಅಷ್ಟೇ ಅಳತೆಯಲ್ಲಿ ಡ್ರಮ್ಮನ್ನು ಏರಿಸಿದ್ದರು. ಎರಡು ತಿರುವಿನಾಚೆ ನಿಂತು ಕೇಳಿದವರ ಕೈಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತು?

ಪ್ರಭಾಕರ ನನ್ನ ಗಿರಾಕಿ. ಅದೇ ವಾರ ಓದುವ ಕನ್ನಡಕ ತೆಗೆದುಕೊಂಡು ಹೋಗಲು ಬಂದರು. ತಡೆಯಲಾಗದೆ ಆ ಅಳುವಿನ ಬಗ್ಗೆ ಕೇಳಿಬಿಟ್ಟೆ.

"ಅದನ್ನ ಹಾಡುವಾಗ ಅಮ್ಮ ತೀರಿಕೊಂಡು ಹದಿನೈದು ದಿನ ಆಗಿತ್ತು" ಎಂದರು. "ಹೆಡ್‌ಫೋನಲ್ಲಿ ಗಿಟಾರು ಜೋರಿತ್ತು, ನಾನು ಭಾರೀ ಚೆನ್ನಾಗಿ ಹಾಡಿದೆ ಅಂತಲೇ ತಿಳ್ಕಂಡಿದ್ದೆ. ಈಗ ಟೇಪಿಂದ ನನ್ನ ದನಿ ಒಂದನ್ನೇ ಬಿಡಿಸಿ ಕೇಳಿದ ಮೇಲೆ ಗೊತ್ತಾಯ್ತು ಮಾರಾಯ್ರೆ, ಅವ ಹಾಡು ಮುಳುಗಿಸಿದ್ದಲ್ಲ, ನನ್ನ ಮಾನ ಉಳಿಸಿದ್ದು. ಆವಾಗ ಅದು ಹೊರಗೆ ಬಂದಿದ್ರೆ ಬಸ್‌ಸ್ಟ್ಯಾಂಡಲ್ಲಿ ಜನ ನನ್ನನ್ನ ಬಾಳ್ಲಿಕ್ಕೆ ಬಿಡ್ತಿದ್ರಾ?"

"ಹಾಗಾದ್ರೆ ಈಗ ಯಾಕೆ ಇಟ್ರಿ?"

"ಮೂವತ್ತು ವರ್ಷ ಬೈದವ ಎಂತ ಮುಖ ಇಟ್ಕಂಡು ಹೋಗಿ ಮಾತಾಡ್ಲಿ? ಅವ ಕೇಳಿದ್ರೆ, ನಂಗೆ ಸತ್ಯ ಗೊತ್ತಾದದ್ದು ಅವನಿಗೆ ತಿಳೀತದೆ ಅಂತ ಇಟ್ಟೆ. ಇಷ್ಟು ದಿನ ಆದ್ರೂ ಒಂದು ಫೋನಿಲ್ಲ."

ಫೋನು ಬರುವುದಾದರೂ ಹೇಗೆ? ಆ ಪುಣ್ಯಾತ್ಮ ಮೂರನೇ ಹಾಡಿಗೇ ನಿಲ್ಲಿಸಿ ಕುಳಿತಿದ್ದಾರೆ! ಅಂಗಡಿಗೆ ಬಾಗಿಲು ಹಾಕಿ, ಪ್ರಭಾಕರರನ್ನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ಜಯಪುರಕ್ಕೆ ಹೋದೆ.

ಭಾವ ಜಗಲಿಯಲ್ಲಿ ಮೈಕಿನ ವಯರು ಸುತ್ತುತ್ತಿದ್ದರು. ಗೆಳೆಯನನ್ನು ಕಂಡವರು ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. "ನಾಕನೇದ್ರಲ್ಲಿ ಅದನ್ನ ಹಾಗೇ ಬಿಟ್ಟಿದ್ಯನಾ?" ಎಂದರು.

"ಬಿಟ್ಟಿದ್ದೇನೆ."

"ಯಾಕ್ ಬಿಟ್ಟೆ? ಜನ ನಗ್ತಾರೆ ಮಾರಾಯ. ಯಾರೂ ಕೇಳ್ಬಾರ್ದು ಅಂತ ನಾನು ಊರೆಲ್ಲ ಸುತ್ತಿ ಹೊಸದು ಕೆಟ್ಟದು, ಕೆಟ್ಟದು ಅಂತ ಹೇಳ್ಕಂಡು ಬರ್ತಿದ್ದೆ."

ಮೇಷ್ಟ್ರು, ಅಜ್ಜಿ, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಒಮ್ಮೆಲೇ ನೆನಪಾದರು. ಇವರನ್ನು ಆಡಿಕೊಂಡು ನಾನು ನಗಿಸಿದ ಮನೆಗಳೆಷ್ಟು! ನನಗೆ ನಿಜಕ್ಕೂ ನಾಚಿಕೆಯಾಯಿತು.

"ನಗ್ಲಿ ಬಿಡು" ಎಂದರು ಪ್ರಭಾಕರ, ವಯರಿನ ಇನ್ನೊಂದು ತುದಿ ಕೈಗೆತ್ತಿಕೊಂಡು. "ನಾನು ಅಮ್ಮನಿಗೆ ಅತ್ತದ್ದಲ್ವಾ. ಈಗ ಕೇಳಿದ್ರೆ ಕೇಳ್ಲಿ."

ನಾನು ಹೆಡ್‌ಫೋನನ್ನು ಭಾವನ ಕಿವಿಗೆ ಏರಿಸಿ ನಾಲ್ಕನೇ ಹಾಡು ಹಾಕಿದೆ. ಭಾವ ಪೂರ್ತಿ ಕೇಳಿದರು. ಮುಗಿದ ಮೇಲೂ ಹೆಡ್‌ಫೋನು ತೆಗೆಯಲಿಲ್ಲ. ಅಕ್ಕ ಚಹಾ ತಂದಿಟ್ಟಳು.

"ಭಾವ, ಹಳೇದು ಚೆನ್ನೋ, ಹೊಸದು ಚೆನ್ನೋ?" ಎಂದು ಮೆಲ್ಲಗೆ ಕೇಳಿದೆ.

"ಹೊಸದೇ ಚೆನ್ನಾಗಿದೆ. ಎಂಟಕ್ಕೆ ಎಂಟೂ ಚೆನ್ನಾಗಿರ್ತದೆ, ಅವ ಮಾಡಿದ್ದಲ್ವಾ" ಎಂದರು. "ಆವತ್ತು ನೀನು ಕಣ್ಣಿಗೆ ಬಟ್ಟೆ ಕಟ್ಟಿ ಅದಲು ಬದಲು ಮಾಡಿದ್ದೂ ನಂಗೆ ಗೊತ್ತಾಗಿತ್ತು. ನಂಗೇನು ಕಿವಿ ಇಲ್ವಾ?"

ಆಮೇಲೆ ತಮ್ಮ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನೀ ಕೊಟ್ಟ ಕನ್ನಡಕ ಸರಿ ಇಲ್ಲ ಮಾರಾಯ. ಎಂತದೂ ಕಾಣ್ತಿಲ್ಲ."

ಅದರ ನಂಬರು ನಾನೇ ನೋಡಿ ಕೊಟ್ಟದ್ದು, ಸರಿಯಾಗಿಯೇ ಇತ್ತು. "ಆಯ್ತು ಭಾವ, ಬದಲಾಯಿಸಿ ಕೊಡ್ತೇನೆ" ಎಂದೆ.