ಗೋಡೆಸಂದಿಯ ಲೋಪಸಂಧಿ

ಕೊಯ್ಲು ಮುಗಿದು ಊರಾಚೆಯ ಹೊಲಗಳೆಲ್ಲ ಬೋಳಾಗಿದ್ದವು. ಬಿಸಿಲು ಬಲಿತಂತೆ ಉಳಿದವರ ಕೆಲಸ ಇಳಿಯುತ್ತಿದ್ದರೆ ಜೆರಾಕ್ಸ್ ಅಂಗಡಿಯ ಕೆಲಸ ಮಾತ್ರ ಏರುತ್ತಿತ್ತು, ಪರೀಕ್ಷೆಗಳು ಬರುವುದು ಆಗಲೇ. ವರ್ಷವಿಡೀ ಪುಸ್ತಕ ಮುಟ್ಟದವರು ಕೊನೆಗಳಿಗೆಯಲ್ಲಿ ಬಂದು ಇನ್ನೊಬ್ಬರ ನೋಟ್ಸನ್ನು ನಕಲು ಮಾಡಿಸಿ, ಅರ್ಧ ಓದಿಯೇ ಬಿಟ್ಟಷ್ಟು ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಯಂತ್ರ ಬೆಳಗಿನಿಂದ ಗಾಣದೆತ್ತಿನ ಹಾಗೆ ಒಂದೇ ಸಮ ದುಡಿಯುತ್ತಿತ್ತು. ಅದರ ಬಿಸಿ, ಪುಡಿಶಾಯಿಯ ವಾಸನೆ, ಹೊರಗಿನ ಧೂಳು, ಮೂರೂ ಸೇರಿ ಆ ಪುಟ್ಟ ಅಂಗಡಿಯೊಳಗೆ ಉಸಿರಾಡುವುದೇ ಒಂದು ಕಸುಬಾಗಿತ್ತು.

ಅಂಗಡಿಯವನನ್ನು ಎಲ್ಲರೂ ಜೆರಾಕ್ಸಣ್ಣ ಎನ್ನುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲೆ ಒಂದು ರಟ್ಟು ತೂಗುತ್ತಿತ್ತು: 'ಪುಟಗಳನ್ನು ಇಲ್ಲೇ ಎಣಿಸಿಕೊಳ್ಳಿ. ಆಮೇಲೆ ಜಗಳ ಬೇಡ.' ಹೋದ ವರ್ಷ ಮಗಳನ್ನು ಗದರಿಸಿ ಮನೆಯಿಂದ ಬರೆಸಿ ತರಿಸಿದ ರಟ್ಟು. ಗೋಡೆಗೆ ಏರಿದ ಮೇಲೆ ಅವನು ಅದರತ್ತ ಮತ್ತೆ ಕಣ್ಣೆತ್ತಿರಲಿಲ್ಲ.

ಅವನಿಗೊಂದು ಹೆಮ್ಮೆಯಿತ್ತು. ಇಷ್ಟು ವರ್ಷ ಊರಿನವರ ಬರವಣಿಗೆಯನ್ನೆಲ್ಲ ಗಾಜಿನ ಮೇಲೆ ಮಲಗಿಸಿದ್ದರಿಂದ, ಅಕ್ಷರ ನೋಡಿದರೆ ಸಾಕು ಬರೆದವರ ಗುಣ ಹೇಳಬಲ್ಲೆ ಎಂದು. ಹೇಳುತ್ತಲೂ ಇದ್ದ. ಕೇಳದವರಿಗೂ ಹೇಳುತ್ತಿದ್ದ.

ಅವನ ಚಿಂತೆ ಮಗಳದು. ಶಾಲೆಯ ಕೊನೆಯ ತರಗತಿಯಲ್ಲಿ ಒಮ್ಮೆ ಡುಮ್ಕಿ ಹೊಡೆದು ಅದೇ ಬೆಂಚಿನಲ್ಲಿ ಎರಡನೆಯ ವರ್ಷ ಕೂತಿದ್ದಳು. ಈ ಸಲವೂ ಹೋದರೆ ಅವನ ತಂಗಿಯ ಕೋಳಿ ಫಾರಮ್ಮಿಗೆ ಮೊಟ್ಟೆ ಆಯಲು ಕಳಿಸುವುದೆಂದು ಹೆಂಡತಿ ತೀರ್ಮಾನಿಸಿ, ಹಾಸಿಗೆ ಕಟ್ಟುವ ಹಗ್ಗವನ್ನೂ ಹುಡುಕಿಟ್ಟಿದ್ದಳು. ಮಗಳು ಕೋಳಿಗಳ ನಡುವೆ ಬುಟ್ಟಿ ಹಿಡಿದು ಓಡಾಡುವ ಚಿತ್ರ ಅವನಿಗೆ ಊಟದ ಹೊತ್ತಿನಲ್ಲೂ ಕಣ್ಣಿಗೆ ಕಟ್ಟುತ್ತಿತ್ತು.

ಮೊದಲ ಪರೀಕ್ಷೆ ಭಾಷೆಯದು. ಅದರ ಹಿಂದಿನ ದಿನ ಬೆಳಿಗ್ಗೆಯೇ ಅಂಗಡಿಗೆ ಫಸ್ಟ್ ಬೆಂಚು ಬಂದಳು. ಮಗಳ ತರಗತಿಯವಳೇ, ಇಡೀ ಶಾಲೆಗೆ ಮೊದಲಿಗಳು, ಮೊದಲ ಬೆಂಚು ಬಿಟ್ಟು ಬೇರೆಡೆ ಕೂತವಳಲ್ಲ, ಹಾಗಾಗಿ ಆ ಹೆಸರು. ದಪ್ಪದೊಂದು ಕಟ್ಟನ್ನು ಕೌಂಟರಿನ ಮೇಲಿಟ್ಟಳು. ವ್ಯಾಕರಣ, ಇತಿಹಾಸ, ಭೂಗೋಳ, ಜೀವಶಾಸ್ತ್ರ, ಎಲ್ಲವೂ ಬಿಡಿಹಾಳೆಗಳಲ್ಲಿ. ಅಂಚಿಗೆ ತೂತು ಹಾಕಿ ದಾರ ಕಟ್ಟಿತ್ತು.

"ಅಂಕಲ್, ಒಂದೇ ಪ್ರತಿ. ಎರಡನೇದು ಯಾರು ಕೇಳಿದ್ರೂ ಕೊಡಬಾರದು. ಮತ್ತೆ ದಾರ ಬಿಚ್ಚಬೇಡಿ, ಪುಟಕ್ಕೆ ನಂಬರ್ ಹಾಕಿಲ್ಲ. ಸಂಜೆ ಬರ್ತೀನಿ."

"ನನ್ನ ಅಂಗಡೀಲಿ ಅಂಥದ್ದೆಲ್ಲ ನಡಿಯಲ್ಲಮ್ಮ," ಎಂದ ಜೆರಾಕ್ಸಣ್ಣ. ಅವಳು ರಸ್ತೆ ತಿರುಗುವ ಮೊದಲೇ ಅವನ ಕೈ ದಾರದ ಗಂಟಿನ ಮೇಲಿತ್ತು. ಒಂದು ಪ್ರತಿ ಅವಳಿಗೆ, ಇನ್ನೊಂದು ಸದ್ದಿಲ್ಲದೆ ಮಗಳಿಗೆ. ದಾರ ಕಟ್ಟಿದ ಹಾಳೆ ಗಾಜಿನ ಮೇಲೆ ಮಟ್ಟಸ ಕೂರುವುದಿಲ್ಲ, ಬೇಗ ಮುಗಿಯುವುದೂ ಇಲ್ಲ.

ದಾರ ಬಿಚ್ಚಿ ಹಾಳೆಗಳನ್ನು ವಿಷಯವಾರು ಹರಡಿಟ್ಟನೋ ಇಲ್ಲವೋ ಕರೆಂಟ್ ಹೋಯಿತು. ಕಾಯುತ್ತ ಕೂತ. ಮಧ್ಯಾಹ್ನಕ್ಕೆ ಸರಿಯಾಗಿ ಕರೆಂಟ್ ಬಂತು, ಅದರ ಜೊತೆ ಆರಿಸಲು ಮರೆತಿದ್ದ ಫ್ಯಾನೂ ಬಂತು, ಐದರಲ್ಲಿ.

ಕಣದಲ್ಲಿ ತೂರಿದ ಹೊಟ್ಟಿನ ಹಾಗೆ ಹಾಳೆಗಳು ಎದ್ದವು. ಕೆಲವು ಸೂರಿಗೆ, ಕೆಲವು ಅವನ ಮುಖಕ್ಕೆ, ಕೆಲವು ಬಾಗಿಲಾಚೆಗೆ. ಅವನು ಫ್ಯಾನಿನ ಗುಂಡಿ ಹುಡುಕುತ್ತ ಯಂತ್ರದ್ದನ್ನು ಒತ್ತಿದ. ಯಂತ್ರ ಅವನ ಅಂಗೈಯನ್ನು ನಕಲು ಮಾಡಿ ಹೊರಗಿಟ್ಟಿತು.

ಹಾರಿ ಬಂದ ಹಾಳೆಯೊಂದನ್ನು ಹಿಡಿದುಕೊಂಡು ಪಕ್ಕದಂಗಡಿಯ ಟೈಲರಮ್ಮ ಬಂದಳು. ಅವಳ ಹಿಂದೆಯೇ, ದಿನವೂ ಬಿಟ್ಟಿ ಪೇಪರು ಓದಲು ಬರುವ ನಿವೃತ್ತ ಗುಮಾಸ್ತರು.

"ಏನಣ್ಣ ಇದು, ಕೋಳಿ ಪುಕ್ಕ ಕಿತ್ತಂಗೆ?" ಎಂದಳು ಟೈಲರಮ್ಮ.

"ಕೋಳಿ ಮಾತು ಎತ್ತಬೇಡ ತಾಯಿ," ಎಂದ ಜೆರಾಕ್ಸಣ್ಣ.

ಗುಮಾಸ್ತರು ಕನ್ನಡಕ ಒರೆಸಿಕೊಂಡರು. "ಗಾಬರಿ ಯಾಕಯ್ಯ? ನಾನು ಆಫೀಸಲ್ಲಿ ಇಡೀ ಜನ್ಮ ಮಾಡಿದ್ದು ಇದನ್ನೇ. ಒಂದೊಂದು ಹಾಳೆಯ ತಲೆ ಮೇಲಿನ ಪದ ನೋಡೋದು, ಅದೇ ಪದ ಇರೋದನ್ನೆಲ್ಲ ಒಂದು ಕಡೆ ಹಾಕೋದು. ಅಷ್ಟೆ."

"ನಿನ್ನ ಮಗಳನ್ನೇ ಕರೆದ್ರೆ ಹೊಂದಿಸಲ್ವಾ?" ಎಂದು ಅವರೇ ಮತ್ತೆ ಕೇಳಿದರು.

"ಬೇಡ ಬೇಡ. ಮನೇಲಿ ಬಾಗಿಲು ಹಾಕ್ಕೊಂಡು ಓದ್ತಿದಾಳೆ. ವರ್ಷಪೂರ್ತಿ ಸಂಜೆ ವಾಚನಾಲಯದಲ್ಲಿ ಕೂತವಳು, ಕೊನೇ ದಿನ ಯಾಕೆ ತೊಂದರೆ ಕೊಡ್ಲಿ."

ಟೈಲರಮ್ಮನಿಗೆ ಕೆಮ್ಮು ಬಂತು.

ಮೂವರೂ ನೆಲದ ಮೇಲೆ ಕೂತರು. ಗುಮಾಸ್ತರ ಕೈಗೆ ಮೊದಲು ಬಂದ ಪದ 'ಸಂಧಿ'. ವ್ಯಾಕರಣದ ಆಗಮ ಸಂಧಿ, ಆದೇಶ ಸಂಧಿ ಅಲ್ಲಿ ಬಿದ್ದವು. ಅವುಗಳ ಮೇಲೆ ಇಬ್ಬರು ರಾಜರು ಯುದ್ಧ ಸಾಕಾಗಿ ಮಾಡಿಕೊಂಡ ಸಂಧಿ ಬಿತ್ತು. ಅದರ ಮೇಲೆ ಎರಡು ಸಮುದ್ರ ಕೂಡಿಸುವ ಜಲಸಂಧಿ. ಅದರ ಮೇಲೆ ಮೊಣಕಾಲಿನ ಸಂಧಿ, ಮೂಳೆಯ ಚಿತ್ರ ಸಮೇತ.

"ಮೊಣಕಾಲಿಗೂ ರಾಜರಿಗೂ ಏನು ಸಂಬಂಧ?" ಎಂದ ಜೆರಾಕ್ಸಣ್ಣ.

"ಯುದ್ಧದಲ್ಲಿ ಪೆಟ್ಟು ಬಿದ್ದಿರುತ್ತೆ ಕಣಯ್ಯ. ಮುಂದಿನದು ಕೊಡು."

ಮುಂದಿನದು 'ಕೋಶ'. ರಾಜನ ಬೊಕ್ಕಸವೂ ಜೀವಕೋಶವೂ ಶಬ್ದಕೋಶವೂ ಒಂದೇ ಮನೆಯವರಾದವು. 'ದಳ' ಬಂದಾಗ ಹೂವಿನ ದಳಗಳ ಹಿಂದೆ ಕುದುರೆಯ ದಳ ನಿಂತಿತು. ಗುಮಾಸ್ತರ ಆಫೀಸಿನಲ್ಲಿ ಕಡತಗಳು ಯಾಕೆ ಸಿಗುತ್ತಿರಲಿಲ್ಲವೆಂದು ಊರಿಗೆಲ್ಲ ಇದ್ದ ಅನುಮಾನ ಜೆರಾಕ್ಸಣ್ಣನಿಗೆ ಅವತ್ತು ಪರಿಹಾರವಾಯಿತು. ಆದರೂ ಅವರನ್ನು ತಡೆಯುವ ಧೈರ್ಯ ಬರಲಿಲ್ಲ. ಅವನಿಗೆ ತಾನಾಗಿ ಏನೂ ಗೊತ್ತಿರಲಿಲ್ಲ. ಲಕ್ಷಗಟ್ಟಲೆ ಪುಟ ನಕಲು ಮಾಡಿದವನು ಒಂದನ್ನೂ ಓದಿದವನಲ್ಲ.

ಅವನು ಅಕ್ಷರವನ್ನು ಮಾತ್ರ ನೋಡುತ್ತಿದ್ದ. ನೋಡಿದಷ್ಟೂ ಮೆಚ್ಚುಗೆ ಏರಿತು.

"ನೋಡಿ ಈ ಕೈಬರಹನ. ಜೋಳದ ತೆನೆ ಥರ ಸಾಲು ಹಿಡಿದಿದೆ. ಈ ಹುಡುಗಿ ಮುಂಜಾನೆ ಏಳೋಳು. ಅಪ್ಪ ಅಮ್ಮನಿಗೆ ಎದುರಾಡೋಳಲ್ಲ. ಇಟ್ಟ ಜಾಗದಲ್ಲೇ ವಸ್ತು ಇಡೋಳು. ನಮ್ಮದೂ ಒಂದಿದೆ, ಸೂರ್ಯ ನೆತ್ತಿಗೆ ಬಂದ್ರೂ ಮಗ್ಗುಲು ಬದಲಾಯಿಸುತ್ತೆ."

"ಈ 'ಳ' ಭಾಳ ಚೆನ್ನಾಗಿದೆ ಕಣಯ್ಯ," ಎಂದರು ಗುಮಾಸ್ತರು. "ಬೆಕ್ಕು ಬಾಲ ಸುತ್ಕೊಂಡು ಕೂತಂಗಿದೆ. ಇದನ್ನ ಎಲ್ಲೋ ನೋಡಿದೀನಿ."

"ಅಕ್ಷರ ನೋಡ್ತಾ ಕೂತ್ರೆ ಕತ್ತಲಾಗುತ್ತೆ," ಎಂದು ಟೈಲರಮ್ಮ ಆ ಹಾಳೆಯನ್ನು ಅವರ ಕೈಯಿಂದ ಎಳೆದುಕೊಂಡು ಸಮುದ್ರದ ಕೆಳಗೆ ಸೇರಿಸಿದಳು. "ಬೇಗ ಜೋಡಿಸ್ರಿ."

ಪಕ್ಕದಂಗಡಿಯಿಂದ ಹೊಲಿಗೆ ಯಂತ್ರದ ಗಡಗಡ ಕೇಳುತ್ತಲೇ ಇತ್ತು. ಗುಮಾಸ್ತರು ಕಿವಿ ನಿಮಿರಿಸಿದರು. "ಅಲ್ಲಮ್ಮ, ನೀನಿಲ್ಲಿದೀಯ, ಅಲ್ಲಿ ಮೆಷಿನ್ ತುಳೀತಿರೋದು ಯಾರು?"

"ಕೆಲಸಕ್ಕೆ ಒಬ್ಬಳು ಬರ್ತಾಳೆ," ಎಂದಳು ಟೈಲರಮ್ಮ, ಸೊಂಟದ ಅಳತೆಪಟ್ಟಿಯನ್ನು ಸುಮ್ಮನೆ ಸುತ್ತಿ ಬಿಚ್ಚುತ್ತ. "ಗುಂಡಿಗೆ ಕಾಜಾ ತೆಗೆಯೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ."

"ಅಂಥ ಮಕ್ಕಳನ್ನ ಹೆತ್ತೋರೇ ಪುಣ್ಯವಂತರು," ಎಂದು ಜೆರಾಕ್ಸಣ್ಣ ನಿಟ್ಟುಸಿರಿಟ್ಟ. ಟೈಲರಮ್ಮನಿಗೆ ಮತ್ತೆ ಕೆಮ್ಮು ಬಂತು. ಅವನು ಎದ್ದು ನೀರು ಕೊಟ್ಟ.

ಬಿಸಿಲು ಬಾಗುವ ಹೊತ್ತಿಗೆ ಕಟ್ಟೇನೋ ಆಯಿತು. ಅದೇ ಕ್ರಮದಲ್ಲಿ ಎರಡು ಪ್ರತಿ ತೆಗೆದ. ಕೇಳಿದ್ದನ್ನು ಮೂಲದ ಜೊತೆ ಕಟ್ಟಿ ಮುಂದಿಟ್ಟ. ಕೇಳದಿದ್ದುದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೌಂಟರಿನ ಕೆಳಗೆ, ಕಾಲಿನ ಹತ್ತಿರ ಮುಚ್ಚಿಟ್ಟ. ದಾರದ ಗಂಟನ್ನು ಮೊದಲಿದ್ದ ಹಾಗೆಯೇ ಹಾಕಲು ಟೈಲರಮ್ಮನೇ ಕೈಕೊಡಬೇಕಾಯಿತು.

ಫಸ್ಟ್ ಬೆಂಚು ಬಂದವಳೇ ಕಟ್ಟು ತೆರೆದಳು. ಒಂದು ಹಾಳೆ ತಿರುವಿದಳು. ಇನ್ನೊಂದು ತಿರುವಿದಳು.

"ಅಂಕಲ್, ಸಂಧಿಯಲ್ಲಿ ಮೂರು ವಿಧ. ನಿಮ್ಮದರಲ್ಲಿ ಮಂಡಿನೋವೂ ಸೇರಿದೆ."

ಜೆರಾಕ್ಸಣ್ಣ ಗುಮಾಸ್ತರ ಕಡೆ ನೋಡಿದ. ಗುಮಾಸ್ತರು ಪೇಪರು ಅಡ್ಡ ಹಿಡಿದು ಕೂತಿದ್ದರು, ಪೇಪರು ತಲೆಕೆಳಗಾಗಿತ್ತು. ಬೇರೆ ದಾರಿಯಿಲ್ಲದೆ ಅವನು ಕರೆಂಟು, ಫ್ಯಾನು ಎಲ್ಲವನ್ನೂ ಹೇಳಿದ. ಮುಚ್ಚಿಟ್ಟ ಪ್ರತಿಯ ಮಾತೊಂದನ್ನು ಬಿಟ್ಟು.

ಹುಡುಗಿ ಬೈಯಲಿಲ್ಲ. ನೆಲದ ಮೇಲೆ ಕೂತು, ಮೂಲದ ಒಂದೊಂದು ಹಾಳೆಯ ಮೊದಲ ಸಾಲು ಓದಿ ಅದರ ಮನೆ ಸೇರಿಸುತ್ತ ಹೋದಳು. ಮಧ್ಯಾಹ್ನವೆಲ್ಲ ಮೂವರು ಕೆಡಿಸಿದ್ದನ್ನು ಅವಳೊಬ್ಬಳೇ ಒಂದು ಟೀ ಆರುವಷ್ಟರಲ್ಲಿ ಸರಿಮಾಡಿದಳು. ಕೊನೆಗೆ ತಲೆ ಎತ್ತಿದಳು.

"ಒಂದು ಪುಟ ಇಲ್ಲ. ಲೋಪ ಸಂಧಿ."

"ಲೋಪ ಸಂಧಿಯೇ ಲೋಪ," ಎಂದರು ಪೇಪರಿನ ಹಿಂದಿನಿಂದ ಗುಮಾಸ್ತರು.

ಅಂಗಡಿ ಜಾಲಾಡಿದರು. ಚಾಪೆ ಎತ್ತಿದರು, ಬುಟ್ಟಿ ಕವುಚಿದರು, ರಸ್ತೆಯ ಚರಂಡಿವರೆಗೂ ಹೋಗಿ ಬಂದರು. ಸಿಗಲಿಲ್ಲ.

"ನಾಳೆ ಅದೇ ಪರೀಕ್ಷೆ," ಎಂದ ಜೆರಾಕ್ಸಣ್ಣ, ಅಳುವೊಂದು ಬಾಕಿಯಿದ್ದವನಂತೆ. "ನಿನ್ನ ಓದು ನಾನು ಹಾಳು ಮಾಡಿದೆ ತಾಯಿ. ಇಷ್ಟು ಮುದ್ದಾಗಿ ಬರೆದಿದ್ದೆ."

"ನನಗೇನೂ ತೊಂದರೆ ಇಲ್ಲ, ನನಗೆ ಬಾಯಿಗೆ ಬರುತ್ತೆ. ಮತ್ತೆ ಬರೆದಿದ್ದು ನಾನಲ್ಲ ಅಂಕಲ್. ನನ್ನ ಅಕ್ಷರ ನನಗೇ ಓದೋಕಾಗಲ್ಲ. ನಾನು ಹೇಳಿದೆ, ಅಕ್ಕ ಬರೆದ್ರು."

"ಯಾವ ಅಕ್ಕ?"

ಹುಡುಗಿಗೆ ಆಶ್ಚರ್ಯವಾಯಿತು. "ನಿಮ್ಮ ಮನೆ ಅಕ್ಕ. ವಾಚನಾಲಯದಲ್ಲಿ ದಿನಾ ಕೂತು ಬರೀತಿದ್ರಲ್ಲ. ಈ ಪ್ರತಿಯೂ ಅವರಿಗೇ. ಮೂಲ ನನಗೆ, ನಕಲು ಅವರಿಗೆ ಅಂತ ಮಾತು. ಅವರಪ್ಪನ ಅಂಗಡಿ ಅಂತ್ಲೇ ಇಲ್ಲಿಗೆ ತಂದೆ."

ಜೆರಾಕ್ಸಣ್ಣನ ಕಣ್ಣು ತಾನಾಗಿ ಗಲ್ಲಾಪೆಟ್ಟಿಗೆಯ ಮೇಲಿನ ರಟ್ಟಿಗೆ ಹೋಯಿತು. 'ಎಣಿಸಿಕೊಳ್ಳಿ'ಯ ಕೊನೆಯಲ್ಲೂ 'ಜಗಳ'ದ ಕೊನೆಯಲ್ಲೂ ಅದೇ ಬೆಕ್ಕು ಬಾಲ ಸುತ್ತಿಕೊಂಡು ಕೂತಿತ್ತು.

"ಅದೇ ಅಂದ್ಕೊಂಡೆ, ಎಲ್ಲಿ ನೋಡಿದೀನಿ ಅಂತ," ಎಂದರು ಗುಮಾಸ್ತರು.

"ಬರೆದುಕೊಟ್ಟಿದ್ದು ಯಾತಕ್ಕೆ?" ಜೆರಾಕ್ಸಣ್ಣನ ದನಿ ಬಾವಿಯ ಒಳಗಿಂದ ಬಂದಂತಿತ್ತು.

ಹುಡುಗಿ ಟೈಲರಮ್ಮನನ್ನು ನೋಡಿದಳು. ಟೈಲರಮ್ಮ ಸೂರನ್ನು ನೋಡಿದಳು. ಪಕ್ಕದಲ್ಲಿ ಹೊಲಿಗೆ ಯಂತ್ರ ನಿಂತಿತು. ಅಂಗಡಿಯ ಬಾಗಿಲಿಗೆ ಅವನ ಮಗಳೇ ಬಂದಳು, ತುಟಿಯಲ್ಲಿ ಎರಡು ಗುಂಡುಪಿನ್ನು, ತೋಳಿನ ಮೇಲೆ ದಾರದ ಚೂರುಗಳು.

"ಅಮ್ಮೋರೇ, ಕಾಲರ್ ಮುಗೀತು," ಎಂದವಳು ಅಪ್ಪನ ಮುಖ ಕಂಡು ಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

ವಿಚಾರಣೆ ಉದ್ದವಾಗಲಿಲ್ಲ. ಮಧ್ಯಾಹ್ನದ ಪಾಠಕ್ಕೆ ಅವಳು ಹೋಗುತ್ತಿರಲಿಲ್ಲ, ಹಿಂಬಾಗಿಲಿಂದ ಹೊಲಿಗೆಗೆ ಬರುತ್ತಿದ್ದಳು. ಹಾಜರಿ ಕರೆಯುವಾಗ ಅವಳ ಹೆಸರಿಗೆ 'ಇದ್ದೀನಿ ಸಾರ್' ಎನ್ನುತ್ತಿದ್ದವಳು ಫಸ್ಟ್ ಬೆಂಚು. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತುವವರಲ್ಲ. ಆ ಋಣಕ್ಕೆ ಈ ನೋಟ್ಸು.

"ಎರಡು ಸೇರೋ ಕಡೆ ಒಂದು ಬಿಟ್ಟುಹೋದ್ರೆ ಅದೇ ಲೋಪ ಸಂಧಿ," ಎಂದರು ಗುಮಾಸ್ತರು. ಯಾರೂ ಕೇಳಿರಲಿಲ್ಲ.

"ಹೋಗ್ಲಿ ಬಿಡು," ಎಂದ ಜೆರಾಕ್ಸಣ್ಣ. ಅವನಿಗೆ ಒಂದು ಆಸೆ ಚಿಗುರಿತ್ತು. "ಪಾಠಕ್ಕೆ ಹೋಗದಿದ್ರೇನು. ಇಡೀ ವರ್ಷದ್ದು, ಎಲ್ಲ ವಿಷಯ, ನಿನ್ನ ಕೈಯಾರೆ ಬರೆದಿದೀಯ. ಅಂದ್ರೆ ಎಲ್ಲ ಬರುತ್ತೆ. ಹೇಳು ಮಗಳೇ, ಜಲಸಂಧಿ ಅಂದ್ರೇನು?"

"ಬರೆಯುವಾಗ ಓದಿದ್ರೆ ಅಕ್ಷರ ಕೆಡುತ್ತಪ್ಪ," ಎಂದಳು ಮಗಳು.

ಫಸ್ಟ್ ಬೆಂಚು ಬಿಳಿಹಾಳೆಯೊಂದನ್ನು ಕೌಂಟರಿನ ಮೇಲಿಟ್ಟಳು. "ಅಕ್ಕ, ಒಂದು ಪುಟ ಬಾಕಿ ಆಯ್ತು. ಬರೆದುಕೊಟ್ಟುಬಿಡಿ, ಲೆಕ್ಕ ಚುಕ್ತಾ. ನಾಳೆ ಪರೀಕ್ಷೇಲಿ ಮಾತ್ರ ನಿಮ್ಮ ಹೆಸರಿಗೆ ನಾನು ಕೂಗೋಕಾಗಲ್ಲ."

ಅವಳು ಹೇಳುತ್ತ ಹೋದಳು, ಮಗಳು ನಿಂತೇ ಬರೆಯುತ್ತ ಹೋದಳು. ಮಗಳು ಬರೆಯುವುದನ್ನು ಜೆರಾಕ್ಸಣ್ಣ ಕಣ್ಣಾರೆ ನೋಡಿದ್ದು ಅದೇ ಮೊದಲು. ಹಸಿಮಣ್ಣಿನಲ್ಲಿ ಒಳ್ಳೆಯ ನೇಗಿಲು ಹೋದ ಹಾಗೆ ಸಾಲು ನೆಟ್ಟಗೆ ಹೋಯಿತು. ಬೈಯಬೇಕೆಂದು ಬಾಯಿ ತೆರೆದವನು ಸಾಲು ಕೆಟ್ಟೀತೆಂದು ಸುಮ್ಮನಾದ.

ಪುಟ ಮುಗಿಯಿತು. ಫಸ್ಟ್ ಬೆಂಚು ಮೂಲವನ್ನು ಎತ್ತಿಕೊಂಡು ಹೋದಳು. ಕಲಸಿದ ನಕಲು ಮಗಳ ಪಾಲಿಗೆ ಉಳಿಯಿತು. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದಳು.

"ಅಮ್ಮೋರೇ, ಹಿಂದೆಲ್ಲ ಖಾಲಿ ಇದೆ. ಅಂಗಿ ಅಳತೆಯ ಪೇಪರ್ ಕತ್ತರಿಸೋಕೆ ಬರುತ್ತಲ್ವಾ?"

"ಚೆನ್ನಾಗಿ ಬರುತ್ತೆ," ಎಂದಳು ಟೈಲರಮ್ಮ. "ಆದ್ರೆ ಇಷ್ಟು ಸಾಲಲ್ಲ ಕಣೇ. ಶಾಲೆ ಶುರುವಾದ್ರೆ ಅಂಗಿಗಳ ರಾಶಿನೇ ಬರುತ್ತೆ."

ಜೆರಾಕ್ಸಣ್ಣ ಬಗ್ಗಿ, ಕಾಲಿನ ಹತ್ತಿರ ಮುಚ್ಚಿಟ್ಟಿದ್ದ ಪೊಟ್ಟಣವನ್ನು ತೆಗೆದು ಅವಳ ಕೈಗಿಟ್ಟ. ಇದೆಲ್ಲಿಯದೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಸಾಚಾ ಅಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅಂಗಡಿ ಮುಚ್ಚಲೆಂದು ಯಂತ್ರದ ವಯರು ಕಿತ್ತ. ಯಂತ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಹಾಳೆ ನಿಂತಿತ್ತು, ಮೇಷ್ಟ್ರ ಕಣ್ಣಿಗೆ ಬೀಳದಂತೆ ಮೂಲೆ ಹಿಡಿದ ಹುಡುಗಿಯ ಹಾಗೆ. ಎಳೆದು ನೋಡಿದ. ಲೋಪ ಸಂಧಿ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಒಂದು ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದ. ಅರ್ಥವೂ ಆಯಿತು. ಮಡಚಿ ಜೇಬಿಗಿಟ್ಟುಕೊಂಡು, ದಾರಿಯಲ್ಲಿ ತಂಗಿಗೆ ಫೋನು ಮಾಡಿ ಕೋಳಿಗಳೆಲ್ಲ ಹೇಗಿವೆ ಎಂದು ವಿಚಾರಿಸಿದ.