ಮೂಲೆ ಗುಮಾಸ್ತನ ಪಾಲಿಶ್

ಸಾಹೇಬರ ಕುರ್ಚಿಯಲ್ಲಿ ಕೂತು ಕುಡಿದರೆ ಚಹಾದ ರುಚಿ ಹೆಚ್ಚುತ್ತದೇನೋ ನೋಡೋಣ ಅನ್ನಿಸಿದ್ದೇ ತಪ್ಪಾಯಿತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದ ಮೂಲೆ ಗುಮಾಸ್ತ ಕೂತ, ಕುಡಿದ, ಲೋಟ ಎತ್ತಿದ. ಲೋಟ ಇದ್ದ ಜಾಗದಲ್ಲಿ, ಸಾಹೇಬರ ಕಂದು ಟೇಬಲ್ಲಿನ ನಟ್ಟನಡುವೆ, ದುಂಡಗೆ ಬೆಳ್ಳಗೆ ಒಂದು ಕಲೆ ಎದ್ದಿತ್ತು. ಕರವಸ್ತ್ರದಲ್ಲಿ ಉಜ್ಜಿದ, ಎಂಜಲು ಹಚ್ಚಿ ಉಜ್ಜಿದ, ಕೊನೆಗೆ ಅಂಗಿಯ ತೋಳಿನಲ್ಲೂ ಉಜ್ಜಿದ. ಕಲೆ ಜಪ್ಪಯ್ಯ ಅನ್ನಲಿಲ್ಲ.

ಬೇರೆ ದಿನವಾಗಿದ್ದರೆ ಬೈಸಿಕೊಂಡು ಸುಮ್ಮನಾಗಬಹುದಿತ್ತು. ಅವನಿಗೆ ಮೂಲೆ ಗುಮಾಸ್ತ ಎಂಬ ಹೆಸರು ಬಂದದ್ದೇ ಸ್ವಂತಕ್ಕೊಂದು ಟೇಬಲ್ ಇಲ್ಲದ್ದಕ್ಕೆ. ಕೆಲಸಕ್ಕೆ ಸೇರಿದಾಗಿನಿಂದ ಹೆಡ್ ಗುಮಾಸ್ತರ ಟೇಬಲ್ಲಿನ ಒಂದು ಮೂಲೆಯಲ್ಲಿ, ಬಸ್ಸಿನ ಸೀಟಿನ ತುದಿಗೆ ಕೂತವನ ಹಾಗೆ, ಒಂದು ಮೊಣಕೈ ಗಾಳಿಯಲ್ಲಿಟ್ಟುಕೊಂಡು ಬರೆಯುತ್ತಿದ್ದ. ನಿನ್ನೆಯಷ್ಟೇ ಸಾಹೇಬರು ಹೊರಡುವಾಗ, "ನಾಳೆ ಹಗಲೆಲ್ಲ ನಾನಿರಲ್ಲ, ಸಂಜೆ ಹೆಡ್ಡಾಫೀಸಿನವರನ್ನ ಕರ್ಕೊಂಡು ಬರ್ತೀನಿ ಕಣಯ್ಯಾ. ನಿನ್ನ ಟೇಬಲ್ ವಿಷಯ ಇತ್ಯರ್ಥ ಆಗಿಬಿಡುತ್ತೆ" ಎಂದಿದ್ದರು. ಈಗ ಅವರ ಟೇಬಲ್ಲನ್ನೇ ಕೆಡಿಸಿ ಕೂತವನಿಗೆ ಅವರು ಟೇಬಲ್ ಕೊಡಿಸುತ್ತಾರೆಯೇ?

ಎದುರು ಬೀದಿಯ ಬಡಗಿಯ ಹತ್ತಿರ ಓಡಿದ. ಬಡಗಿ ಉಳಿ ಮಸೆಯುತ್ತಲೇ, ಬಿಸಿಗೆ ಪಾಲಿಶ್ ಬೆಳ್ಳಗಾಗಿದೆ ಅಷ್ಟೇ, ಮರಕ್ಕೇನೂ ಆಗಿಲ್ಲ, ಹೊಸ ಪಾಲಿಶ್ ಎಳೆದರೆ ಹೋಗುತ್ತದೆ ಅಂದ. ಈರುಳ್ಳಿ ಸಿಪ್ಪೆಯ ಹಾಗೆ ಕಾಣುವ ಅರಗಿನ ಚಕ್ಕೆಗಳ ಪೊಟ್ಟಣವನ್ನೂ ಒಂದು ಶೀಶೆ ಸ್ಪಿರಿಟ್ಟನ್ನೂ ಕೊಟ್ಟ. ಖಾಲಿ ಬಾಟಲಿಯೊಂದಕ್ಕೆ ಅರ್ಧದಷ್ಟು ಸ್ಪಿರಿಟ್ ಹೊಯ್ದು ಒಂದು ಹಿಡಿ ಚಕ್ಕೆ ಹಾಕಬೇಕು, ಆಗಾಗ ಕುಲುಕಬೇಕು, ಎಲ್ಲ ಕರಗಿ ಜೇನಿನ ಬಣ್ಣ ಬರುವ ತನಕ ಮತ್ತೇನೂ ಬೆರೆಸಕೂಡದು. ಇಷ್ಟೇ ವಿದ್ಯೆ.

ಮೂಲೆ ಗುಮಾಸ್ತ ಹಾಗೆಯೇ ಬೆರೆಸಿ, ಬಾಟಲಿಯನ್ನು ಹಳೇ ಕಡತಗಳ ಕೋಣೆಯ ಕಿಟಕಿಯಲ್ಲಿಟ್ಟ. ಮಿಕ್ಕ ಚಕ್ಕೆ, ಮಿಕ್ಕ ಸ್ಪಿರಿಟ್ ಪಕ್ಕದಲ್ಲೇ ಇಟ್ಟ. ಆಫೀಸಿನಲ್ಲಿ ಗುಟ್ಟು ನಿಲ್ಲುತ್ತದೆಯೇ? ಹೆಡ್ ಗುಮಾಸ್ತರು ಬಂದು ಮೂಸಿ ನೋಡಿ, ಪಾಲಿಶ್ ಅಂದರೆ ನೀರಿನ ಹಾಗಿರಬೇಕು ಎಂದು ತೀರ್ಪು ಕೊಟ್ಟರು. ಟೈಪಿಸ್ಟ್ ಅಕ್ಕ ಬಂದು, ತಮ್ಮ ತವರುಮನೆಯ ಬಾಗಿಲಿಗೆ ಹಚ್ಚಿದ್ದು ಪಾಕದ ಹಾಗೆ ಗಟ್ಟಿಯಾಗಿತ್ತು, ಅದಕ್ಕೇ ಇವತ್ತಿಗೂ ಹೊಳೆಯುತ್ತಿದೆ ಅಂದಳು. ಇಬ್ಬರಿಗೂ ಇವನು ಹೂಂ ಅಂದ. ಅವನ ಸ್ವಭಾವವೇ ಅಂಥದ್ದು.

ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದರೆ ಚಕ್ಕೆ ಅರ್ಧಕ್ಕರ್ಧ ಕರಗಿತ್ತು. ಖುಷಿಯಾಗಿ ಕುಲುಕಿ ಬಂದ. ಇನ್ನೊಮ್ಮೆ ಹೋದಾಗ ಬಾಟಲಿ ಮುಕ್ಕಾಲು ತುಂಬಿತ್ತು. ಸ್ಪಿರಿಟ್ಟು ಹಾಲಿನ ಹಾಗೆ ಉಕ್ಕುತ್ತದೆಯೋ ಏನೋ ಅಂದುಕೊಂಡ. ಮತ್ತೊಮ್ಮೆ ಹೋದಾಗ ತಳದಲ್ಲಿ ಬೆಳಗ್ಗೆ ಹಾಕಿದ್ದಕ್ಕಿಂತ ಹೆಚ್ಚು ಚಕ್ಕೆ, ಅದೂ ಹೊಚ್ಚ ಹೊಸದು, ಗರಿಗರಿಯಾಗಿ ಕೂತಿತ್ತು. ಕಣ್ಣುಜ್ಜಿಕೊಂಡ. ಕನ್ನಡಕ ಒರೆಸಿಕೊಂಡು ನೋಡಿದ.

ಬಾಟಲಿ ಹಿಡಿದು ಮತ್ತೆ ಬಡಗಿಯ ಹತ್ತಿರ ಓಡಿ ಎಲ್ಲ ಹೇಳಿದ. ಬಡಗಿ ಉಳಿ ಕೆಳಗಿಟ್ಟು ಅವನ ಮುಖವನ್ನೇ ನೋಡಿದ.

"ಅಲ್ಲ ಸ್ವಾಮಿ, ಇದನ್ನ ನೀವು ಕರಗೋದಕ್ಕೆ ಹಾಕಿದ್ದೀರೋ, ಬೆಳೆಯೋದಕ್ಕೆ ಹಾಕಿದ್ದೀರೋ?"

ಬೆಪ್ಪಾಗಿ ವಾಪಸು ಬಂದು ಬಾಟಲಿಯನ್ನು ಅಲ್ಲೇ ಇಟ್ಟು, ಕಡತಗಳ ಕಪಾಟಿನ ಹಿಂದೆ ಅವಿತು ನಿಂತ. ಮೊದಲು ಹೆಡ್ ಗುಮಾಸ್ತರು ತುದಿಗಾಲಲ್ಲಿ ಬಂದು, ಅತ್ತ ಇತ್ತ ನೋಡಿ, ಸ್ಪಿರಿಟ್ ಸುರಿದು ಹೋದರು. ಅವರು ಮರೆಯಾಗುತ್ತಲೇ ಟೈಪಿಸ್ಟ್ ಅಕ್ಕ ಬಂದು, ಪಾಪ ಇವನಿಗೇನು ಗೊತ್ತು ಎಂದು ಗೊಣಗಿ, ಹಿಡಿ ತುಂಬ ಚಕ್ಕೆ ಹಾಕಿ ಹೋದಳು. ಇಬ್ಬರ ಮುಖದಲ್ಲೂ ಪುಣ್ಯ ಕಟ್ಟಿಕೊಂಡ ಕಳೆಯಿತ್ತು.

ಬೈಯೋಣವೆಂದರೆ ಒಬ್ಬರು ಕೂರಲು ಮೂಲೆ ಕೊಟ್ಟವರು, ಇನ್ನೊಬ್ಬಳು ಇವನ ತಪ್ಪುಗಳನ್ನು ತಿದ್ದಿ ಟೈಪು ಮಾಡುವವಳು. ಸಿಟ್ಟನ್ನು ನುಂಗಿಕೊಂಡು ಬಾಟಲಿಯನ್ನು ಎತ್ತಿಕೊಂಡು ಬಂದು, ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಮಗು ತೂಗಿದಂತೆ ತೂಗುತ್ತಾ ಬಲಗೈಯಲ್ಲಿ ಲೆಕ್ಕ ಬರೆದ. ಊಟಕ್ಕೂ ಏಳಲಿಲ್ಲ. ಅಂತೂ ಇಂತೂ ಅರಗು ಕರಗಿ ಜೇನಿನ ಬಣ್ಣಕ್ಕೆ ಬಂತು.

ಹಳೇ ಬನಿಯನ್ನಿನ ಬಟ್ಟೆಯನ್ನು ಉಂಡೆ ಕಟ್ಟಿ, ಅದ್ದಿ, ಕಲೆಯ ಮೇಲೆ ಎಳೆದ. ಕಲೆ ಮಾಯ. ಆದರೆ ಅಷ್ಟು ಜಾಗ ಮಾತ್ರ ಫಳಫಳ ಹೊಳೆದು, ಸುತ್ತಲಿನದು ಮಂಕಾಗಿ, ಮೊದಲಿಗಿಂತ ಎದ್ದು ಕಾಣತೊಡಗಿತು. ವಿಧಿಯಿಲ್ಲದೆ ಟೇಬಲ್ಲು ಪೂರ್ತಿ ಎಳೆದ. ಒಣಗಿದ ಮೇಲೆ ಇನ್ನೊಮ್ಮೆ ಎಳೆದ. ಕೊನೆಗೆ ಮೇಲೆ ತಿರುಗುವ ಫ್ಯಾನು ಟೇಬಲ್ಲಿನೊಳಗೂ ತಿರುಗಿತು. ಅದು ತಮ್ಮ ಸ್ಪಿರಿಟ್ಟಿನ ಗುಣ ಎಂದು ಹೆಡ್ ಗುಮಾಸ್ತರೂ ತನ್ನ ಚಕ್ಕೆಯ ಗುಣ ಎಂದು ಟೈಪಿಸ್ಟ್ ಅಕ್ಕನೂ ಬಾಗಿಲಲ್ಲಿ ನಿಂತು ಹೆಮ್ಮೆಪಟ್ಟರು.

ಸಂಜೆ ಸಾಹೇಬರು ಹೆಡ್ಡಾಫೀಸಿನ ಅಧಿಕಾರಿಯೊಂದಿಗೆ ಬಂದರು. ಟೇಬಲ್ ಕಂಡದ್ದೇ ಸಾಹೇಬರು ಹೊಸ್ತಿಲಲ್ಲೇ ನಿಂತುಬಿಟ್ಟರು. ಅಧಿಕಾರಿ ಮುಂದೆ ಹೋಗಿ ಟೇಬಲ್ಲನ್ನು ಸವರಿ, ಅದರಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿಕೊಂಡರು.

"ಹಾಳಾಗಿ ಹೋಗಿದೆ, ಹೊಸದು ಕೊಡಿ ಅಂತಿದ್ದದ್ದು ಇದಕ್ಕೇನ್ರೀ? ಇಂಥ ಟೇಬಲ್ ನನಗೇ ಇಲ್ಲ" ಎಂದು ನಕ್ಕು, ನಿಂತ ಕಾಲಲ್ಲೇ ಹೊರಟುಹೋದರು.

ಸಾಹೇಬರು ಕುಸಿದು ಕೂತು ಮೂಲೆ ಗುಮಾಸ್ತನನ್ನು ಕರೆದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

"ನನಗೆ ಹೊಸದು ಬಂದಿದ್ರೆ ಇದು ನಿನಗೇ ಬರ್ತಿತ್ತಲ್ಲಯ್ಯಾ. ಇದರ ಮೇಲೆ ತೋರಿಸೋದಕ್ಕೆ ಒಂದೇ ಒಂದು ಕಲೆ ಇದ್ದಿದ್ರೂ ಸಾಕಿತ್ತು."

ಮೂಲೆ ಗುಮಾಸ್ತ ಜೋಲು ಮುಖ ಹಾಕಿಕೊಂಡು, ಮಿಕ್ಕ ಪಾಲಿಶ್ ಬಾಟಲಿಯನ್ನು ಎತ್ತಿಕೊಂಡು ಬಂದು ತನ್ನ ಮೂಲೆಯಲ್ಲಿ ಕೂತ.

ಹೆಡ್ ಗುಮಾಸ್ತರಿಗೆ ಕರುಳು ಚುರುಕ್ ಅಂದಿತು. ಅವನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಕೋಬೇಡಪ್ಪಾ. ಮಿಕ್ಕಿದ್ದನ್ನ ಹಾಗೇ ನಾಳೆ ನನ್ನ ಟೇಬಲ್ಲಿಗೂ ಎಳೆದುಬಿಡು. ಆಮೇಲೆ ಮಾತ್ರ ನಿನ್ನ ಫೈಲುಗಳನ್ನ ಇದರ ಮೇಲೆ ಇಡಬೇಡ, ಗೀರು ಬೀಳುತ್ತೆ."