ಮಹಡಿ ಕೋಣೆಯ ಒಂದೇ ಜೀವದ ವೀರರು

ಮೇಷ್ಟ್ರ ವೀರನನ್ನು ಕೊಂದದ್ದು ಮೇಷ್ಟ್ರ ಅಮ್ಮ. ಮೈಸೂರಿನ ಕುವೆಂಪುನಗರದ ಆ ಮಹಡಿ ಕೋಣೆಗೆ ಬಂದುಹೋಗುತ್ತಿದ್ದವರೆಲ್ಲ ಇದನ್ನು ನಂಬಿದ್ದೆವು.

ಅಲ್ಲಿ ಸಾವು ಅಪರೂಪವೇನಲ್ಲ, ಆಗುತ್ತಲೇ ಇತ್ತು. ಕೂದಲು ತೆಳುವಾಗುವ ವಯಸ್ಸಿನ ನಾವು ಮೂವರು ಭಾನುವಾರ ಸೇರಿ ಕಂಪ್ಯೂಟರಿನಲ್ಲಿ ರಾಕ್ಷಸರನ್ನು ಹೊಡೆಯುತ್ತಿದ್ದೆವು. ಮಾಮೂಲಿ ಆಟದಲ್ಲಿ ಸತ್ತವನು ಎದ್ದು ಬರುತ್ತಾನೆ. ನಾವು ಆಡುತ್ತಿದ್ದದ್ದು ಹಾರ್ಡ್‌ಕೋರ್ ಮೋಡ್. ಅದರಲ್ಲಿ ಒಂದೇ ಜೀವ. ಸತ್ತರೆ ತಿಂಗಳುಗಟ್ಟಲೆ ಬೆಳೆಸಿದ ವೀರ, ಅವನ ಕತ್ತಿ, ಕವಚ, ಎಲ್ಲ ಹೋಯಿತು. ದುಡ್ಡು ಕೊಟ್ಟು ಇಂಥ ದುಃಖ ತರುವವರು ಬುದ್ಧಿವಂತರಲ್ಲ. ಮೂವರೂ ಡಿಗ್ರಿ ಮುಗಿಸಿದವರು.

ಮೇಷ್ಟ್ರು ಆ ಕೋಣೆಯ ಒಡೆಯರು, ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು. ಎದುರಿಗೆ ‘ನೀನು’ ಎನ್ನುವ ಗೆಳೆಯನೇ ಆದರೂ, ಕಥೆ ಹೇಳುವಾಗ ಮೇಷ್ಟ್ರು ಅಂದಮೇಲೆ ಬಹುವಚನ. ಇನ್ನೊಬ್ಬ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಇಂಜಿನಿಯರ್. ಮೂರನೆಯವನು ನಾನು. ಕೆಳಗೆ ಅಡುಗೆಮನೆಯಲ್ಲಿ ಮೇಷ್ಟ್ರ ಅಮ್ಮ.

ಸ್ನಾನ

ಮೊದಲು ಸತ್ತವನು ಇಂಜಿನಿಯರನ ವೀರ. ಅವನಿಗೆ ಹುಲಿಯಪ್ಪ ಎಂದು ಹೆಸರಿಟ್ಟಿದ್ದ. ಇಂಜಿನಿಯರ್ ಮುಖ ಸಣ್ಣಗೆ ಮಾಡಿಕೊಂಡು ಕಾಫಿಗೆ ಕೆಳಗಿಳಿದ.

"ಏನಪ್ಪಾ, ಹೀಗಿದ್ದೀಯ?" ಅಮ್ಮ ಕೇಳಿದರು.

"ಹುಲಿಯಪ್ಪ ಹೋಗ್ಬುಟ್ಟ ಅಮ್ಮಾ."

"ಅಯ್ಯೋ! ನಿಮ್ಮ ಮನೇವ್ರಾ?"

"ಮನೇವ್ನಿಗಿಂತ ಹೆಚ್ಚು."

ಅಮ್ಮ ಕಾಫಿ ಲೋಟ ಹಿಂದಕ್ಕಿಟ್ಟುಕೊಂಡರು. "ಮೈಲಿಗೇಲಿ ಅಡುಗೆಮನೆ ಹತ್ರ ಬರಬಾರ್ದು ಕಣಪ್ಪ. ಹಿತ್ತಲ ಬಚ್ಚಲಿಗೆ ಹೋಗಿ ಎರಡು ಚೊಂಬು ತಲೆಗೆ ಹುಯ್ಕೊಂಡ್ ಬಾ."

ಅದು ಆಟ ಎಂದು ವಿವರಿಸುವ ಶಕ್ತಿ ಅವನಿಗಿರಲಿಲ್ಲ. ತಣ್ಣೀರು ಹುಯ್ದುಕೊಂಡು ಬಂದ. ದುಃಖದ ಮನೆಯವನೆಂದು ಕಾಫಿಯ ಜೊತೆ ಬಿಸಿ ಉಪ್ಪಿಟ್ಟೂ ಸಿಕ್ಕಿತು. ಮುಂದಿನ ವಾರ ಇನ್ನೊಬ್ಬನನ್ನು ಸಾಯಿಸಿಕೊಂಡ. ಆ ಸಲ ಮನೆಯಿಂದಲೇ ಟವಲ್ ತಂದಿದ್ದ.

ಎರಡು ರಾಹುಕಾಲ

ಮೇಷ್ಟ್ರು ತರಗತಿಯಲ್ಲಿ ಮೂಢನಂಬಿಕೆಯ ಶತ್ರು. ಮಹಡಿ ಕೋಣೆಯಲ್ಲಿ ಮಾತ್ರ ರಾಹುಕಾಲ ಕಳೆಯದೆ ದೊಡ್ಡ ರಾಕ್ಷಸನ ಬಾಗಿಲು ತಟ್ಟುತ್ತಿರಲಿಲ್ಲ.

"ಫಿಸಿಕ್ಸ್ ಹೇಳ್ಕೊಡೋನು ನೀನು," ಎಂದೆ.

"ಫಿಸಿಕ್ಸ್ ಹೇಳ್ಕೊಡುವಾಗ ಪ್ರಾಣ ಹೋಗಲ್ಲ ಕಣೋ."

ಆಟದ ಸರ್ವರ್ ಸಿಂಗಾಪುರದಲ್ಲಿದೆ, ರಾಕ್ಷಸ ಇರುವುದು ಅಲ್ಲಿ, ನೋಡಬೇಕಾದದ್ದು ಅಲ್ಲಿಯ ರಾಹುಕಾಲವಲ್ಲವೇ ಎಂದು ನಾನು ಕೇಳಿದೆ. ತಮಾಷೆಗೆ. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಅಂದಿನಿಂದ ಭಾನುವಾರದ ಮಧ್ಯಾಹ್ನ ಸಿಂಗಾಪುರದ ರಾಹುವಿಗೆ, ಸಂಜೆ ಮೈಸೂರಿನ ರಾಹುವಿಗೆ. ನಡುವೆ ಉಳಿದ ಹೊತ್ತಿನಲ್ಲಿ ಕರೆಂಟ್ ಇರುತ್ತಿರಲಿಲ್ಲ.

ತೀರ್ಥ

ನನ್ನವನು ಸತ್ತದ್ದು ದೈವಾನುಗ್ರಹದಿಂದ.

ಸುತ್ತ ಅಸ್ಥಿಪಂಜರಗಳು ಮುತ್ತಿಕೊಂಡಿದ್ದವು. ಆಗಲೇ ಅಮ್ಮ ಪೂಜೆ ಮುಗಿಸಿ ಪಂಚಪಾತ್ರೆ ಹಿಡಿದು ಮಹಡಿ ಹತ್ತಿ ಬಂದರು. ನನ್ನ ಬಲಗೈ ಮೌಸಿನ ಮೇಲಿತ್ತು. ಕಣ್ಣು ಪರದೆಯ ಮೇಲಿಟ್ಟು ಎಡಗೈ ಚಾಚಿದೆ. ತೀರ್ಥ ತುಂಬಿದ ಉದ್ಧರಣೆ ಗಾಳಿಯಲ್ಲೇ ನಿಂತಿತು.

"ಬಲಗೈ ಕಣಪ್ಪ."

"ಅಮ್ಮಾ, ಒಂದ್ ನಿಮಿಷ..."

"ತೀರ್ಥಕ್ಕೆ ಒಂದ್ ನಿಮಿಷ ಅಂತಾರೇನೋ?"

ದೇವರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಮ್ಮ ಎದುರಿಗೆ ನಿಂತಿದ್ದರು. ಬಲಗೈ ಕೊಟ್ಟೆ. ಅಕಾಲಮೃತ್ಯುವನ್ನು ಪರಿಹರಿಸುವ ಮಂತ್ರವನ್ನು ಪೂರ್ತಿ ಹೇಳಿಯೇ ಅವರು ತೀರ್ಥ ಹಾಕಿದರು. ಮಂತ್ರದ ಅರ್ಧದಲ್ಲೇ ನನ್ನ ವೀರ ಸತ್ತಿದ್ದ.

ಸ್ವಿಚ್ಚು

ಉಳಿದವನು ಮೇಷ್ಟ್ರ ವೀರನೊಬ್ಬನೇ. ಅವನಿಗೆ ಉಳಿದಿದ್ದವನು ಕಟ್ಟಕಡೆಯ ರಾಕ್ಷಸನೊಬ್ಬನೇ. ಈ ಭಾನುವಾರ ಮುಗಿಸುತ್ತೇನೆಂದು ಮೇಷ್ಟ್ರು ನಮಗಷ್ಟೇ ಅಲ್ಲ, ಯಾವುದೋ ಉತ್ಸಾಹದಲ್ಲಿ ತರಗತಿಯ ಹುಡುಗರಿಗೂ ಹೇಳಿಬಿಟ್ಟಿದ್ದರು. ಸೋತರೆ ಸೋಮವಾರ ಕಾಲೇಜಿಗೆ ಯಾವ ಮುಖ ಹೊತ್ತು ಹೋಗುವುದು?

ಎರಡೂ ರಾಹುಕಾಲ ತಪ್ಪಿಸಿ ಬೆಳಗ್ಗೆಯೇ ಶುರು ಮಾಡಿದ್ದರು. ನಾನೂ ಇಂಜಿನಿಯರನೂ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುತ್ತಿದ್ದಾಗ ಮೇಲಿನಿಂದ ಕೂಗು ಕೇಳಿತು: "ಅಮ್ಮಾ!"

ಓಡಿದೆವು. ಕಂಪ್ಯೂಟರ್ ಆರಿಹೋಗಿತ್ತು. ಮೇಷ್ಟ್ರು ತಲೆ ಹಿಡಿದುಕೊಂಡು ಕೂತಿದ್ದರು.

"ಅಮ್ಮ ಮೇನ್ ಆಫ್ ಮಾಡ್ಬುಟ್ರು ಕಣ್ರೋ. ಇನ್ನೊಂದೇ ಏಟು ಬಾಕಿ ಇತ್ತು."

ಆಟ ನಡೆಯುವುದು ಇಂಟರ್ನೆಟ್ಟಿನಲ್ಲಿ. ಇಲ್ಲಿ ಕರೆಂಟ್ ಹೋದರೂ ವೀರ ಅಲ್ಲಿ ಕಂಬದಂತೆ ನಿಂತೇ ಇರುತ್ತಾನೆ. ರಾಕ್ಷಸನಿಗೆ ಅಷ್ಟು ಸಾಕು. ಮೆಟ್ಟಿಲಿನಿಂದ ಇಣುಕಿದೆವು. ಕೆಳಗೆ ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಅಮ್ಮ ನಿಂತಿದ್ದರು.

"ನೀವೇ ಆಫ್ ಮಾಡಿದ್ರಾ ಅಮ್ಮಾ?" ಇಂಜಿನಿಯರ್ ಕೇಳಿದ.

ಅಮ್ಮ ಒಮ್ಮೆ ನಮ್ಮ ಹಿಂದೆ ನಿಂತಿದ್ದ ಮಗನ ಮುಖ ನೋಡಿದರು. "ಹೂಂ ಕಣಪ್ಪ. ನಾನೇ."

ವಿಚಾರಣೆ ಅಲ್ಲಿಗೆ ಮುಗಿಯಿತು. ಸೋಮವಾರ ಹುಡುಗರು ಮೇಷ್ಟ್ರನ್ನು ಗೇಲಿ ಮಾಡಲಿಲ್ಲವಂತೆ, ಸಮಾಧಾನ ಮಾಡಿದರಂತೆ. ಮುಂದಿನ ಭಾನುವಾರ ಅಮ್ಮ ಒಬ್ಬಟ್ಟು ಮಾಡಿದರು. ಅದರ ಮುಂದಿನ ಭಾನುವಾರವೂ. ಪ್ರಾಯಶ್ಚಿತ್ತ ಎಂದುಕೊಂಡೆವು. ಮೇಷ್ಟ್ರು ಕ್ಷಮಿಸಿದವರ ಗಾಂಭೀರ್ಯದಲ್ಲಿ ತುಪ್ಪ ಹಾಕಿಸಿಕೊಂಡು ತಿನ್ನುತ್ತಿದ್ದರು.

ಈಗ ಆ ಕೋಣೆ ಬಾಡಿಗೆಗೆ ಹೋಗಿದೆ. ನಾವು ಆಡುವುದು ಬಿಟ್ಟಿದ್ದೇವೆ. ನನಗೆ ಕತ್ತು ನೋವು, ಇಂಜಿನಿಯರನಿಗೆ ಪ್ರಮೋಷನ್. ಇಷ್ಟು ವರ್ಷದಲ್ಲಿ ಅಷ್ಟು ನಿರುಪಯೋಗಿಯಾದ, ಅಷ್ಟು ಒಳ್ಳೆಯ ಭಾನುವಾರಗಳು ಮತ್ತೆ ಸಿಕ್ಕಿಲ್ಲ. ಹೋದ ತಿಂಗಳು ಮೂವರೂ ಮತ್ತೆ ಅಮ್ಮನ ಮುಂದೆ ಊಟಕ್ಕೆ ಕೂತೆವು. ಒಬ್ಬಟ್ಟು ಬಂತು.

"ಏನಮ್ಮಾ, ಆ ಕೊಲೆ ಪಾಪ ಇನ್ನೂ ಕಳೆದಿಲ್ವಾ?" ಇಂಜಿನಿಯರ್ ಕೆಣಕಿದ.

ಅಮ್ಮ ನಕ್ಕರು. "ನನಗ್ಯಾವ ಪಾಪವೋ? ಸೋತ್ಕೊಂಡು ಕೂತಿದ್ದ, ಅಳೋ ಹಾಗಿದ್ದ. ಏನೋ ಒಂದು ನೆಪ ಹೇಳ್ದ. ನಿಮ್ಮೆದುರಿಗೆ ಅವನನ್ನ ಬಿಟ್ಟುಕೊಡೋದು ಬೇಡ ಅನ್ನಿಸ್ತು. ಒಬ್ಬಟ್ಟು ತಿಂದ್ರೆ ಸರಿಹೋಗ್ತಾನೆ ಅಂತ ಮಾಡ್ದೆ."

ಮೇಷ್ಟ್ರು ತುಪ್ಪದ ಬಟ್ಟಲನ್ನೇ ನೋಡುತ್ತಿದ್ದರು.

"ಮತ್ತೆ ಅವತ್ತು ನೀವು ಆಫ್ ಮಾಡಿದ್ದು?" ಎಂದೆ.

"ಟ್ಯಾಂಕ್ ತುಂಬಿ ಸುರೀತಿತ್ತು ಕಣಪ್ಪ. ಮೋಟರ್ ಆಫ್ ಮಾಡ್ದೆ."